ಈರುಳ್ಳಿಯ ಮಾತು

"ನಿಲ್ಸಿ! ಹಿಂದಕ್ಕೆ ಸುತ್ತಿ ಇನ್ನೊಂದ್ಸಲ ತೋರ್ಸಿ!" ಹೆಟ್ಟಿ ಕ್ರೌಲಿ ಕುರ್ಚಿಯಿಂದ ಎದ್ದೇಬಿಟ್ಟಳು.

ಪರದೆಯ ಮೇಲೆ, ಮೂರು ವರ್ಷದ ಯುದ್ಧ ಮುಗಿಸಿ ಬಂದ ಸಿಪಾಯಿ ಅಡುಗೆಮನೆಯ ಬಾಗಿಲಲ್ಲಿ ಹೆಂಡತಿಯನ್ನು ತಬ್ಬಿಕೊಂಡು ಏನೋ ಅಂದ. ಅವಳು ಅವನ ಎದೆಗೆ ಮುಖ ಒತ್ತಿ ಭುಜ ಕುಲುಕಿಸಿದಳು. ಆಮೇಲೆ, ಮೂಕಿಚಿತ್ರವಾದ್ದರಿಂದ, ಅವನ ಮಾತಾಗಿ ಹೆಟ್ಟಿ ಬರೆದ ಅಕ್ಷರಫಲಕ ಬಂತು: 'ಪ್ರಿಯೆ, ನಿನ್ನ ನೆನಪೊಂದೇ ನನ್ನನ್ನು ಉಳಿಸಿತು.'

"ಏನಾಯ್ತಮ್ಮಾ?" ನಿರ್ದೇಶಕ ಪಿಂಕ್ನಿ ಚುಟ್ಟಾ ಕಚ್ಚಿಕೊಂಡೇ ಕೇಳಿದ. ಸಂಜೆಯ ರೈಲಿಗೆ ಚಿತ್ರ ನ್ಯೂಯಾರ್ಕಿಗೆ ಹೋಗಬೇಕಿತ್ತು.

"ಅವ್ನು ಆ ಮಾತು ಹೇಳ್ತಾನೇ ಇಲ್ಲ ಸಾರ್. 'ಥೂ, ಇವತ್ತೂ ಈರುಳ್ಳಿ!' ಅಂತಿದಾನೆ. ಅವಳು ಈರುಳ್ಳಿ ತಿಂದು ಬಂದಿದಾಳೆ. ಅಳ್ತಿಲ್ಲ, ನಗು ತಡ್ಕೊಳ್ತಿದಾಳೆ."

"ಅಂದ್ರೆ ಅನ್ಲಿ ಬಿಡು. ಯಾರಿಗೆ ಕೇಳ್ಸುತ್ತೆ?"

ಲಾಸ್ ಏಂಜಲೀಸಿನ ಸಿನಿಮಾದವರೆಲ್ಲ ಹೀಗೇ. ಚಿತ್ರಕ್ಕೆ ದನಿಯಿಲ್ಲ ಎಂಬ ಧೈರ್ಯದಲ್ಲಿ ಪ್ರೇಮದೃಶ್ಯದಲ್ಲೂ ಬಾಯಿಗೆ ಬಂದದ್ದು ಆಡುತ್ತಿದ್ದರು. ಆದರೆ ಹೆಟ್ಟಿಯ ತಾಯಿ ಕಿವುಡಿ. ತುಟಿ ನೋಡಿ ಮಾತು ಓದುವುದನ್ನು ಮಗಳು ಅವಳಿಂದಲೇ ಕಲಿತಿದ್ದಳು. ಪ್ರತಿ ಶನಿವಾರ ಕಿವುಡರ ಶಾಲೆಯ ಹಳೆಯ ಗೆಳತಿಯರನ್ನು ಕಟ್ಟಿಕೊಂಡು ತಾಯಿ ಸಿನಿಮಾಕ್ಕೆ ಹೋಗುತ್ತಿದ್ದಳು. 'ಅಲ್ಲಿ ಊರಿಗೆ ಊರೇ ನಮ್ಮ ಹಾಗೆ ಕಿವುಡು' ಎಂದು ಕೈಸನ್ನೆಯಲ್ಲೇ ಹೇಳಿ ನಗುತ್ತಿದ್ದಳು.

ಹೆಟ್ಟಿ ಸುಮ್ಮನಿದ್ದಿದ್ದರೆ ಅವಳ ಗಂಟೇನೂ ಹೋಗುತ್ತಿರಲಿಲ್ಲ. ಎರಡು ವರ್ಷದಲ್ಲಿ ಹನ್ನೊಂದು ಕಥೆ ಬರೆದಿದ್ದಳು, ಒಂದರಲ್ಲೂ ಹೆಸರಿರಲಿಲ್ಲ. ಇದೊಂದು ಇವತ್ತು ರೈಲು ಹತ್ತಿದರೆ ಪರದೆಯ ಮೇಲೆ ಅವಳ ಹೆಸರು ಹಾಕುವುದಾಗಿ ಪಿಂಕ್ನಿ ಮಾತು ಕೊಟ್ಟಿದ್ದ. ಪೆದ್ದಿ, ಆಗಲೇ ತಾಯಿಗೆ ಹೇಳಿಯೂ ಆಗಿತ್ತು. ಆದರೆ ಆ ಹೆಸರಿನ ಕೆಳಗೆ ಅಮ್ಮ ಓದುವುದು ಈ ಮಾತನ್ನೇ? ಅದೂ ಗೆಳತಿಯರ ಎದುರಿಗೆ?

"ಮತ್ತೆ ತೆಗೀರಿ ಸಾರ್."

"ಎಲ್ಲಿಂದ ತೆಗೀಲಿ? ನಾಯಕ ಮೀನು ಹಿಡಿಯಕ್ಕೆ ಹೋಗಿ ಕೂತಿದಾನೆ. ಆ ಅಡುಗೆಮನೇನ ನಿನ್ನೇನೇ ಒಡೆದು ಜೈಲಿನ ಸೆಟ್ ಮಾಡಿದೀವಿ. ಈ ದೃಶ್ಯ ಇಲ್ದೆ ಚಿತ್ರ ಇಲ್ಲ, ಚಿತ್ರ ಇಲ್ದೆ ನಿನ್ ಹೆಸ್ರೂ ಇಲ್ಲ. ಬಾಯ್ಮುಚ್ಕೊಂಡಿರು ತಾಯಿ."

ಮೂರನೆಯ ಸಲ ದೃಶ್ಯ ಓಡಿತು. ಸಿಪಾಯಿ ಮೂಗು ಸೊಟ್ಟಗೆ ಮಾಡಿದ, ಆಮೇಲೆ ಅವಳ ಕೂದಲಲ್ಲಿ ಮುಖ ಮುಚ್ಚಿಕೊಂಡ. ಹೆಟ್ಟಿ ಪೆನ್ಸಿಲ್ಲಿಗೆ ತಡಕಾಡಿದಳು.

"ಅಕ್ಷರ ಬರೆಯೋನ್ನ ಕರೀರಿ! ಎರಡೇ ಫಲಕ ಸಾರ್, ಬಿಸಿಲಿರೋವಾಗ್ಲೇ ಕ್ಯಾಮೆರಾದಲ್ಲಿ ಹಿಡಿದ್ರೆ ಆಗೋಗುತ್ತೆ!"

ಗೋಡೆಗೆ ಕಾಗದ ಒತ್ತಿ ಗೀಚಿದಳು. ಪಿಂಕ್ನಿ ಕಿತ್ತುಕೊಂಡು ಓದಿದ. ಮೊದಲನೆಯದು: 'ಥೂ, ಇವತ್ತೂ ಈರುಳ್ಳಿ!' ಎರಡನೆಯದು: 'ಮೂರು ವರ್ಷ ಕನಸಲ್ಲಿ ಬಂದದ್ದು ಈ ವಾಸನೆಯೇ.'

"ಎರಡನೇ ಮಾತು ಅವ್ನು ಆಡೇ ಇಲ್ವಲ್ಲ?"

"ಆಗ ಅವ್ನ ಮುಖ ಅವಳ ಕೂದಲಲ್ಲಿರುತ್ತೆ. ನಮ್ಮಮ್ಮನೂ ಓದಕ್ಕಾಗಲ್ಲ!"

ಪಿಂಕ್ನಿ ಬಾಯಿಂದ ಚುಟ್ಟಾ ತೆಗೆದ. "ಓಡು! ನೋಡ್ತಾ ನಿಂತಿದೀಯಲ್ಲ, ಓಡೇ!"

ಹೆಟ್ಟಿ ಲಂಗ ಎತ್ತಿಕೊಂಡು ಅಂಗಳ ದಾಟಿ ಓಡಿದಳು. ಚಿತ್ರ ರೈಲು ಹತ್ತಿತು.

ಒಂದೂವರೆ ತಿಂಗಳ ನಂತರದ ಶನಿವಾರ, ಮಧ್ಯಾಹ್ನದ ಆಟ. ಪರದೆಯ ಮೇಲೆ 'ಕಥೆ: ಹೆಟ್ಟಿ ಕ್ರೌಲಿ' ಎಂದು ಬಂದಾಗ ತಾಯಿ ಇಡೀ ಸಾಲಿಗೆ ಮೊಣಕೈಯಲ್ಲಿ ತಿವಿದಳು. ಐವರು ಗೆಳತಿಯರ ಬೆರಳುಗಳು ಗಾಳಿಯಲ್ಲಿ ಆ ಹೆಸರನ್ನು ಅಕ್ಷರಕ್ಕಕ್ಷರ ಬಿಡಿಸಿದವು. ಹೆಟ್ಟಿಗೆ ಕಣ್ಣು ತುಂಬಿತು, ಆದರೂ ಭಯ ಹೋಗಲಿಲ್ಲ.

ಅಡುಗೆಮನೆಯ ಬಾಗಿಲು ಬಂತು. ಸಿಪಾಯಿ ಬಾಯಿ ತೆರೆದ. ಫಲಕ ಇನ್ನೂ ಬಂದಿರಲಿಲ್ಲ. ನಾನೂರು ಜನ ತೆಪ್ಪಗೆ ಕೂತಿದ್ದ ಮಂದಿರದಲ್ಲಿ ಮೂರನೆಯ ಸಾಲಿನ ಆರು ಹೆಂಗಸರು ಗೊಳ್ಳೆಂದು ನಕ್ಕರು. ಎಲ್ಲರೂ ತಿರುಗಿ ನೋಡಿದರು. ಆಮೇಲೆ ಫಲಕ ಬಂತು, ಮಂದಿರವೇ ನಕ್ಕಿತು.

ಸಿಪಾಯಿ ಹೆಂಡತಿಯ ಕೂದಲಲ್ಲಿ ಮುಖ ಮುಚ್ಚಿಕೊಂಡ. ಎರಡನೆಯ ಫಲಕ ಬಂತು. ಹೆಟ್ಟಿ ಪರದೆ ನೋಡಲಿಲ್ಲ, ಪಕ್ಕಕ್ಕೆ ನೋಡಿದಳು. ಆಟ ಶುರುವಾದಾಗಿನಿಂದ ಒಂದು ಕ್ಷಣವೂ ಮಾತು ನಿಲ್ಲಿಸದ ಆರು ಜೋಡಿ ಕೈಗಳು ಮಡಿಲಲ್ಲಿ ಸುಮ್ಮನೆ ಕೂತಿದ್ದವು.