ಲೀಲಮ್ಮನ ಸೊಂಟಕ್ಕೆ ಹನ್ನೆರಡು

"ಆ ಹೆಂಗಸಿಗೆ ಬಾಯಿ ಮುಚ್ಚೋಕೆ ಹೇಳೋ! ಕೇಳಿದ್ದಕ್ಕೆ ಉತ್ತರ ಕೊಡು ಅಂದ್ರೆ ಹರಿಕಥೆ ಹೇಳ್ತಾಳೆ."

ಡಾಕ್ಟರ್ ಅಶ್ವತ್ಥನಾರಾಯಣ ಬೈದದ್ದು ಲೀಲಮ್ಮನಿಗೆ, ಹಲ್ಲು ಕಿರಿದವನು ನಾನು. ದೆಹಲಿಯ ಆ ಆಸ್ಪತ್ರೆಯಲ್ಲಿ ನಾನು ಸ್ಟ್ರೆಚರ್ ತಳ್ಳುವ ಗುತ್ತಿಗೆ ಆಳು. ಸೊಂಟದ ಆಪರೇಷನ್ ಆದ ನಮ್ಮ ಉತ್ತರ ಕರ್ನಾಟಕದ ಕಡೆಯ ಕೂಲಿಗಳ ಹತ್ತಿರ ಕೂತು ಫಾರಂ ತುಂಬಿಸಲು ಸಾಹೇಬರಿಗೆ ಪುರುಸೊತ್ತಿಲ್ಲ, ನನ್ನನ್ನು ಕರೆಯುತ್ತಿದ್ದರು. "ನಮ್ಮವನು ಕಣ್ರೀ, ಚುರುಕಾಗಿದ್ದಾನೆ" ಎಂದು ಒಮ್ಮೆ ಯಾರದೋ ಮುಂದೆ ಹೇಳಿದ್ದರು. ಆ ಒಂದು ಮಾತಿಗೆ ನಾನು ಬಾಲ ಆಡಿಸುತ್ತಿದ್ದೆ.

ಫಾರಂನಲ್ಲಿ ಹತ್ತು ಪ್ರಶ್ನೆ. ಅಂಕ ಹೆಚ್ಚಾದಷ್ಟೂ ನೋವು ಹೆಚ್ಚು. ನೂರಕ್ಕೆ ನಲವತ್ತು ದಾಟಿದರೆ ಭಾರ ಹೊರಬಾರದೆಂಬ ಚೀಟಿ ಕೊಡುತ್ತಾರೆ. ಗುರಗಾಂವ್‌ನ ಕಟ್ಟಡವೊಂದರಲ್ಲಿ ಇಟ್ಟಿಗೆ ಹೊರುವ ಲೀಲಮ್ಮನಿಗೆ ಬೇಕಾದದ್ದು ಆ ಚೀಟಿ. ಅದನ್ನು ತೋರಿಸಿದರೆ ಕೂಲಿಗಳ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಕೊಡುತ್ತೇನೆ ಎಂದಿದ್ದ ಮೇಸ್ತ್ರಿ. ಸಾಹೇಬರಿಗೆ ಬೇಕಾದದ್ದು ಸಣ್ಣ ಅಂಕ, ಮುಂದಿನ ತಿಂಗಳ ಡಾಕ್ಟರುಗಳ ಸಮ್ಮೇಳನದಲ್ಲಿ ತಮ್ಮ ಆಪರೇಷನ್ನಿನ ಕೈಗುಣ ತೋರಿಸಲು.

"ಯಕ್ಕಾ, ಭಾರ ಎತ್ತಲಿಕ್ಕಿ ಆಗ್ತದೇನು?"

"ಎತ್ತತೀನಲ್ಲ. ಎತ್ತಲಿಲ್ಲಂದ್ರ ಆ ಮೇಸ್ತ್ರಿ ಸೂಳಿಮಗ ಗುಡಿಸಲದಾಗ ಇರಗೊಡ್ತಾನೇನು?"

ಎತ್ತಬಲ್ಲಳು ಎಂದು ಗುರುತು ಹಾಕಿದೆ.

"ನಿಂದರಲಿಕ್ಕಿ?"

"ದಿನಾ ಪೂರ್ತಿ ನಿಂದ್ರತೀನಿ. ಕುಂತರ ಒದೀತಾನ."

ನಿಲ್ಲಬಲ್ಲಳು.

ಮುಂದಿನದನ್ನು ಕೇಳಲು ನನಗೇ ನಾಚಿಕೆ. "ಗಂಡನ ಕೂಡ ಮಲಗಿದಾಗ ನೋವಾಗ್ತದೇನು?"

"ಅಂವ ಸತ್ತು ಆರು ವರ್ಷಾತು. ನಿನ್ನ ಸಾಹೇಬನ ಬಾಯಾಗ ಮಣ್ಣ ಹಾಕ! ತನ್ನ ಹೇಣ್ತಿಗಿ ಕೇಳ್ಯಾನೇನು ಇದನ್ನ?"

ಸಾಹೇಬರಿಗೂ ಕೇಳಿಸಿತ್ತು. ಆದರೂ ನನ್ನನ್ನೇ ನೋಡಿದರು. "ಹೂಂ, ಏನಂತೆ?"

"ತೊಂದರೆ ಇಲ್ಲಂತ್ರೀ ಸರ್."

ಸೊನ್ನೆ.

ಕುರ್ಚಿಯಿಂದ ಏಳಲು ಅವಳು ಮೂರು ಸಲ ಒದ್ದಾಡಿದ್ದನ್ನು ಕಂಡಿದ್ದೆ. ಹೊರುತ್ತಾಳೆ ಎಂದ ಮಾತ್ರಕ್ಕೆ ಹೊರಬಲ್ಲಳು ಎಂದಲ್ಲ. ಕಲ್ಲು ಹೊತ್ತೇ ಸತ್ತ ಅವ್ವನ ಮಗ ನಾನು, ನನಗಲ್ಲದೆ ಇನ್ಯಾರಿಗೆ ಅದು ಗೊತ್ತಿರಬೇಕು? ಗೊತ್ತಿದ್ದೇ ಬರೆದೆ. ಒಟ್ಟು ಹನ್ನೆರಡು. ಸಾಹೇಬರು ಬೆನ್ನು ತಟ್ಟಿದರು. ಲೀಲಮ್ಮನಿಗೆ ಚೀಟಿ ಸಿಗಲಿಲ್ಲ.

ಇಪ್ಪತ್ತು ದಿನಕ್ಕೆ ಇಬ್ಬರು ಹೆಂಗಸರು ಅವಳನ್ನು ಹೊತ್ತು ತಂದರು. ಇಟ್ಟಿಗೆ ಹೊತ್ತು ಮೂರನೇ ಮಹಡಿ ಹತ್ತುವಾಗ ಸೊಂಟ ಕಳಚಿದಂತಾಗಿ ಕುಸಿದಿದ್ದಳು. ಕಾಲೆರಡೂ ಸತ್ತಿದ್ದವು. ಸೀರೆ ಒದ್ದೆಯಾದದ್ದೂ ಅವಳಿಗೆ ತಿಳಿದಿರಲಿಲ್ಲ.

"ಹನ್ನೆರಡು ಇದ್ದವಳು! ಎಲ್ಲೋ ಜಾರಿ ಬಿದ್ದಿರ್ತಾಳೆ. ಮಹಂತೇಶ್, ಹಾಗಂತಲೇ ಬರೆದು ಹೆಬ್ಬೆಟ್ಟು ಒತ್ತಿಸ್ಕೋ" ಎಂದು ಸಾಹೇಬರು ನನಗೆ ಹೇಳಿದರು.

ನಾನು ಹಳೆಯ ಫಾರಂ ತೆಗೆದು ಹನ್ನೆರಡನ್ನು ಹೊಡೆದು ಹಾಕಿದೆ. ಇದು ಲೀಲಮ್ಮ ಹೇಳಿದ್ದಲ್ಲ, ಸಾಹೇಬರನ್ನು ಮೆಚ್ಚಿಸಲು ನಾನು ಬರೆದ ಸುಳ್ಳು ಎಂದು ಕೆಳಗೆ ಬರೆದು, ಸಹಿ ಹಾಕಿ, ಅವರ ಮುಂದೆ ಹಿಡಿದೆ.

"ಕೊಬ್ಬೇನೋ? ಹರಿದು ಹಾಕು. ಇಲ್ದಿದ್ರೆ ನಾಳೆಯಿಂದ ಬರಬೇಡ."

"ಬರಂಗಿಲ್ರೀ. ಹರಿಯಂಗೂ ಇಲ್ಲ."

ದೊಡ್ಡ ಗಂಡಸಿನ ಹಾಗೆ ಹೇಳಿ ಲೀಲಮ್ಮನ ಕಡೆ ತಿರುಗಿದೆ. ಅವಳಾದರೂ ಒಂದು ಒಳ್ಳೆಯ ಮಾತು ಆಡಲಿ ಎಂಬ ಆಸೆ ಆಗಲೂ ಇತ್ತು, ಥೂ ನನ್ನ ಜನ್ಮಕ್ಕೆ.

"ಏನ್ ಬರದಿ ತಮ್ಮಾ?"

ಓದಿ ಹೇಳಿದೆ.

ಅವಳು ಎರಡೂ ಕೈಯಿಂದ ತನ್ನ ಒಂದು ಕಾಲನ್ನು ಎತ್ತಿ ಸ್ಟ್ರೆಚರಿನ ಮೇಲೆ ಸರಿಯಾಗಿ ಇಟ್ಟುಕೊಂಡಳು.

"ಅವತ್ತ ಬರೀಬೇಕಿತ್ತು" ಎಂದಳು.