ಹಲ್ವಾದ ವಾಸನೆ ಹೋಗುವ ದೂರ

ಹಿಟ್ಟು ಬಣ್ಣ ತಿರುಗುತ್ತಿದೆ, ಒಣಹುಲ್ಲಿನಿಂದ ಜೇನಿಗೆ, ಇನ್ನು ಸೌಟು ನಿಲ್ಲಿಸಬಾರದು, ನಿಲ್ಲಿಸಿದರೆ ತಳ ಹಿಡಿಯುತ್ತದೆ, ಎಣ್ಣೆಯ ಗುಳ್ಳೆಗಳು ಕಣ್ಣು ಬಿಟ್ಟು ಮುಚ್ಚುತ್ತವೆ, ಈ ವಾಸನೆ ಇದೆಯಲ್ಲ ಇದೇ ಸತ್ತವರ ಊಟ ಎನ್ನುತ್ತಿದ್ದಳು ಅವ್ವ, ಗುರುವಾರ ಸಂಜೆ ಅವರು ಮಾಡಿನ ಮೇಲೆ ಬಂದು ಕೂತಿರ್ತಾರೆ ಮಗಳೇ, ಬಾಯಿಲ್ಲ, ಹಲ್ಲಿಲ್ಲ, ಮೂಗೊಂದೇ ಉಳಿದಿರ್ತದೆ — ಅಫ್ಘಾನಿಸ್ತಾನದ ನಮ್ಮೂರು ಜಾಘೋರಿಯ ಮಣ್ಣಿನ ಮಾಡು, ಅಲ್ಲಿ ಒಣಹಾಕಿದ ಹಿಪ್ಪುನೇರಳೆ ಹಣ್ಣು, ಹಣ್ಣಿನ ನಡುವೆ ಕೂತ ನನ್ನಜ್ಜ, ಈ ಮೆಲ್ಬೋರ್ನಿನ ಹೆಂಚಿನ ಮಾಡು ಇಳಿಜಾರು, ನನ್ನ ಗಂಡ ಎಲ್ಲಿ ಕೂರುತ್ತಾನೋ, ಬದುಕಿದ್ದಾಗಲೂ ಏಣಿಗೆ ಹೆದರುತ್ತಿದ್ದ — ಅಮ್ಮಾ, ಕಿಟಕಿ ಯಾಕೆ ತೆಗೆದಿದ್ದೀಯ, ನನ್ನ ಮಗಳು ಮಾಸೂಮಾ ಬಂದು ಟಪ್ಪೆಂದು ಮುಚ್ಚುತ್ತಾಳೆ, ವಾಸನೆ ಬೀದಿಗೆಲ್ಲ ಹೋಗುತ್ತೆ, ಮುದುಕೀದು ಮತ್ತೆ ಶುರುವಾಯ್ತು ಅಂತಾರೆ, ಬೇಕಾ ನಿಂಗೆ. ಬೇಡ ತಾಯಿ. ಮಾರ್ಚಿನಲ್ಲಿ ಒಬ್ಬ ಟ್ರಾಂ ನಿಲ್ದಾಣಕ್ಕೆ ಲಾರಿ ನುಗ್ಗಿಸಿದ, ಬೇಕೆಂದೇ ನುಗ್ಗಿಸಿದ, ಕಾಯುತ್ತಾ ನಿಂತವರು ನಿಂತಲ್ಲೇ ಹೋದರು, ಅಂದು ರಾತ್ರಿಯೇ ಟೀವಿಯವಳು ಅವನು ಅಫ್ಘಾನಿಸ್ತಾನದವನಂತೆ ಎಂದಳು, ಮುಂದಿನ ವಾರ ಅಲ್ಲವಂತೆ ಎಂದಳು, ಅಷ್ಟರೊಳಗೆ ಬಸ್ಸಿನಲ್ಲಿ ಮಾಸೂಮಾಳ ತಲೆವಸ್ತ್ರಕ್ಕೆ ಯಾರೋ ಉಗಿದಾಗಿತ್ತು, ಆ ನಡುವಿನ ಗುರುವಾರವೇ ನಾನು ತಟ್ಟೆ ಹಿಡಿದು ಆ ನಿಲ್ದಾಣಕ್ಕೆ ಹೊರಟದ್ದು, ಹೂವಿನ ರಾಶಿ ಸೊಂಟದೆತ್ತರ, ಎಲ್ಲದಕ್ಕೂ ಪ್ಲಾಸ್ಟಿಕ್ ಸುತ್ತಿದ್ದಾರೆ, ವಾಸನೆಯೇ ಇಲ್ಲ, ಈ ಪಾಪದವರಿಗೆ ಎಣ್ಣೆ ಕಾಯಿಸುವವರು ಯಾರಿದ್ದಾರೆ, ಬಿಸಿ ಹಲ್ವಾ ರೊಟ್ಟಿಯ ಮೇಲಿಟ್ಟು ಒಬ್ಬೊಬ್ಬರಿಗೂ ಚಾಚಿದೆ, ತಗೊಳ್ಳಿ, ತಗೊಳ್ಳಿ, ಬಾಯಿ ತುಂಬ ಸತ್ತವರ ಪ್ರಾರ್ಥನೆ, ಕ್ಯಾಮರಾದೊಳಗೆ ಹೋಗುತ್ತಲೇ ಅದು ನಗುವಾಯಿತು, ಮರುದಿನ ಪೇಪರಿನಲ್ಲಿ ನನ್ನ ಹಲ್ಲು, ನನ್ನ ತಟ್ಟೆ, ಕೆಳಗೆ ದಪ್ಪಕ್ಷರದಲ್ಲಿ ಸಿಹಿ ಹಂಚಿ ಸಂಭ್ರಮ.

ಆಮೇಲೆ ಪೇಪರಿನವರು ತಿದ್ದಿದರು, ಒಳಪುಟದಲ್ಲಿ, ಕುದುರೆ ರೇಸಿನ ಪಕ್ಕ, ಉಗುರಿನಷ್ಟು, ಅದನ್ನು ಓದಿದವರು ಯಾರು, ಜಾನೆಟ್ ಅಂತೂ ಓದಲಿಲ್ಲ, ಅವಳ ಮಗ ಕ್ಯಾಲಂ ಆ ಲಾರಿಯಡಿ ಹೋದವನು, ಟೀವಿಯಲ್ಲಿ ಅವಳು ಅಳಲೂ ಇಲ್ಲ, ನನ್ನ ಮಗ ಸತ್ತ ಜಾಗದಲ್ಲಿ ಆ ಹೆಂಗಸು ಮಿಠಾಯಿ ಹಂಚಿದಳು ಎಂದಳು, ಎಷ್ಟು ಮೆಲ್ಲಗೆ ಎಂದಳು, ಅಂದಿನಿಂದ ಮುಸುರೆ ತಿಕ್ಕುವಾಗ, ನಮಾಜಿಗೆ ಬಾಗುವಾಗ, ಆ ಮೆಲುದನಿ. ನನಗೆ ಅಕ್ಷರ ಬಂದದ್ದೇ ಅರವತ್ತು ಕಳೆದ ಮೇಲೆ, ಸಂಜೆ ಶಾಲೆಯಲ್ಲಿ, ಪಾಲೀನ್ ಟೀಚರು ಜಾನೆಟ್ಟಳ ಚರ್ಚಿನ ವಿಳಾಸ ಹುಡುಕಿ ಕೊಟ್ಟರು, ನಾನು ಬರೆದೆ, ಪ್ರಿಯ ಜಾನೆಟ್, ಅದು ಮಿಠಾಯಿ ಅಲ್ಲ, ನಿಮ್ಮ ಮಗನ ಊಟ, ನೀವು ಇಟ್ಟ ಹೆಸರು ಗೊತ್ತಿರಲಿಲ್ಲ, ಹೆಸರಿಲ್ಲದೆಯೇ ಮಾಡಿದೆ, ಟೀಚರು ಚುಕ್ಕಿ ಮಾತ್ರ ಇಟ್ಟು ಉಳಿದದ್ದು ಮುಟ್ಟೋದಿಲ್ಲ ಹಕೀಮಾ ಎಂದರು, ಸ್ಟಾಂಪೂ ಹಚ್ಚಿಯಾಯಿತು, ಮಾಸೂಮಾ ಅಡ್ಡ ನಿಂತಳು, ಹಾಕ್ಬೇಡಮ್ಮಾ, ಅದನ್ನೂ ಪೇಪರಿಗೆ ಕೊಡ್ತಾಳೆ, ಆಗ ಮನೆ ನಂಬರೂ ಸಿಗುತ್ತೆ ಅವರಿಗೆ, ಚಳಿಗಾಲ ಪೂರ್ತಿ ಲಕೋಟೆ ಮೇಜುಬಟ್ಟೆಯ ಕೆಳಗೆ, ಊಟದ ತಟ್ಟೆ ಇಟ್ಟಾಗೆಲ್ಲ ಒಂದು ಕಡೆ ಎತ್ತರ.

ಹೊಗೆ ಕಟ್ಟಿತು, ಸೂರಿನ ಹೊಗೆಗಂಟೆ ಕಿರುಚಿತು, ಬಾಗಿಲು ಕಿಟಕಿ ಎಲ್ಲ ತೆಗೆದೆ, ಬೇಲಿಯಾಚೆ ಡಗ್, ಮಾರ್ಚಿನಿಂದ ನನ್ನೊಡನೆ ಮಾತು ಬಿಟ್ಟವನು, ಮೂಗು ಅರಳಿಸಿ ನಿಂತಿದ್ದಾನೆ, ಮನೆ ಸುಡ್ತಿದ್ದೀಯೋ ಪಾರ್ಟಿಯೋ. ಪಾರ್ಟಿ ಅಲ್ಲ ಡಗ್, ನನ್ನ ಗಂಡನಿಗೆ. ಅವನು ಸತ್ತು ಹೋಗಿಲ್ವೇನೇ ಮಾರಾಯ್ತಿ. ಸತ್ತದ್ದಕ್ಕೇ ಮಾಡ್ತಿರೋದು, ಸತ್ತವರಿಗೇ ಇದು. ಡಗ್ ಟೋಪಿ ತೆಗೆದ, ಹಾಕಿಕೊಂಡ, ಮತ್ತೆ ತೆಗೆದ, ಇಷ್ಟು ವರ್ಷ ಬೇಲಿ ಮೇಲಿಂದ ಇಸ್ಕೊಂಡು ತಿಂದೆನಲ್ಲೇ, ನಿಮ್ಮಲ್ಲಿ ವಾರವಾರ ಹುಟ್ಟುಹಬ್ಬ ಅಂದ್ಕೊಂಡಿದ್ದೆ, ಒಂದು ಮಾತು ಹೇಳೋದಲ್ವಾ. ಅವನೂ. ತಿಂದವನಿಗೇ ತಿಳಿಯಲಿಲ್ಲ, ಜಾನೆಟ್‌ಗೆ ಹೇಳುವವರು ಯಾರು — ಒಲೆ ಆರಿಸಿದೆ, ಮೇಜುಬಟ್ಟೆ ಎತ್ತಿದೆ, ಚಪ್ಪಲಿ ಯಾವುದೋ, ಒಂದು ಮಾಸೂಮಾಳದ್ದು, ಅಮ್ಮಾ ಎಲ್ಲಿಗೆ, ಅಮ್ಮಾ, ಬೇಡಮ್ಮಾ, ಅವಳ ದನಿ ಗೇಟಿನವರೆಗೆ ಬಂದು ನಿಂತಿತು, ಮೂಲೆಯ ಕೆಂಪು ಡಬ್ಬ, ತಣ್ಣನೆಯ ತಗಡು, ಪತ್ರ ಅರ್ಧ ಒಳಗೆ, ಅರ್ಧ ನನ್ನಲ್ಲಿ, ಪೇಪರಿಗೆ ಕೊಟ್ಟರೆ ಕೊಡಲಿ, ಬಿಟ್ಟೆ, ಬಿದ್ದ ಸದ್ದೇ ಇಲ್ಲ, ಬೇರೆಯವರ ಪತ್ರಗಳ ಮೇಲೆ ಮೆತ್ತಗೆ ಬಿದ್ದಿರಬೇಕು, ನಾಳೆಯೋ ನಾಳಿದ್ದೋ ಜಾನೆಟ್ ಬೆಳಕಿಗೆ ಬಂದು ನಿಂತು ಲಕೋಟೆ ತಿರುಗಿಸುತ್ತಾಳೆ, ಅಂಚಿನಡಿಗೆ ಹೆಬ್ಬೆರಳು ತೂರಿಸುತ್ತಾಳೆ, ತೆರೆದು ಓದುತ್ತಾಳೋ, ಓದದೆ ಹರಿಯುತ್ತಾಳೋ — ಅಂಚಿನಡಿ ಅವಳ ಹೆಬ್ಬೆರಳು — ಹೆಬ್ಬೆರಳು —