ಕುಂಕುಮ ಹಚ್ಚಿಸಿಕೊಂಡ ಬ್ಯೂರೆಟ್ಟು

ನಾನು ಒಂದು ಬ್ಯೂರೆಟ್ಟು. ಮೈತುಂಬ ಅಳತೆಯ ಗೆರೆಗಳಿರುವ, ಕೆಳಗೊಂದು ತಿರುಪಿರುವ ಉದ್ದನೆಯ ಗಾಜಿನ ಕೊಳವೆ. ಕುಲುಮೆಯ ಬೆಂಕಿಯಲ್ಲಿ ಹುಟ್ಟಿದವನು. ಸುಳ್ಳು ಹೇಳುವುದು ನನ್ನ ಜಾಯಮಾನದಲ್ಲಿಲ್ಲ.

ಮೊದಲು ಮೈಸೂರಿನ ಒಂದು ಕಾಲೇಜಿನ ಲ್ಯಾಬು ಸೇರಿದೆ. ಅಲ್ಲಿ ಹುಡುಗರು ಉತ್ತರವನ್ನು ಮೊದಲೇ ಬರೆದುಕೊಂಡು, ಆಮೇಲೆ ಶಾಸ್ತ್ರಕ್ಕೆ ನನ್ನತ್ತ ನೋಡುತ್ತಿದ್ದರು. ಲ್ಯಾಬು ಮುಚ್ಚಿದಾಗ ಗುಜರಿಗೆ ಬಿದ್ದೆ. ಅಲ್ಲಿಂದ ನನ್ನನ್ನು ಎತ್ತಿಕೊಂಡು ಹೋದವನು ಬೈಕ್ ಮೆಕ್ಯಾನಿಕ್ ಬೋರಲಿಂಗ.

ನನಗೆ ಬೆಲೆ ಬಂದದ್ದು ಅವನ ಗ್ಯಾರೇಜಿನಲ್ಲೇ. ಅವನ ಹೆಂಡತಿಯ ತಮ್ಮ ಚೆಲುವರಾಜ ಮಣ್ಣಿನ ಟ್ರ್ಯಾಕಿನಲ್ಲಿ ರೇಸು ಓಡಿಸುತ್ತಿದ್ದ. ಇಂಜಿನ್ನಿನ ಮೇಲಿನ ಮುಚ್ಚಳವಾದ ಹೆಡ್ಡನ್ನು ಲೇತಿನಲ್ಲಿ ತುಸು ಹೆರೆಸಿದರೆ, ಅದರೊಳಗೆ ಪೆಟ್ರೋಲು ಉರಿಯುವ ಕುಳಿ ಚಿಕ್ಕದಾಗಿ ಗಾಡಿಗೆ ಜೋರು ಬರುತ್ತದೆ. ಅತಿಯಾದರೆ ಪಿಸ್ಟನ್ನೇ ತೂತು ಬೀಳುತ್ತದೆ. ಅದಕ್ಕೇ ಬೋರಲಿಂಗ ಹೆಡ್ಡನ್ನು ಮಗುಚಿ, ಅಂಚಿಗೆ ಗ್ರೀಸು ಬಳಿದು, ತೂತಿರುವ ಪ್ಲಾಸ್ಟಿಕ್ ಹಲಗೆ ಮುಚ್ಚಿ, ನನ್ನಿಂದ ಸೀಮೆಎಣ್ಣೆ ಹನಿಸುತ್ತಿದ್ದ. ಕುಳಿ ಎಷ್ಟು ಕುಡಿಯಿತೋ ಅಷ್ಟು ಅದರ ಅಳತೆ. ಉಸಿರು ಬಿಗಿಹಿಡಿದು ನನ್ನ ಗೆರೆ ಓದುತ್ತಿದ್ದ ಅವನನ್ನು ಕಂಡರೆ ನನಗೆ ಪ್ರೀತಿಯಿತ್ತು. ಅದನ್ನೇಕೆ ಮುಚ್ಚಿಡಲಿ?

ಆ ವರ್ಷ ವಿಜಯದಶಮಿಯ ಬೆಳಿಗ್ಗೆ ರೇಸು. ಲೇತಿನವನು ಹೆಡ್ಡು ತಂದುಕೊಟ್ಟದ್ದು ಹಿಂದಿನ ದಿನ, ಆಯುಧಪೂಜೆ ಮುಗಿದ ಮೇಲೆ. ಅಷ್ಟರಲ್ಲಿ ನಾನು ಸುತ್ತಿಗೆ, ಸ್ಪಾನರುಗಳ ಜೊತೆ ಕುಂಕುಮ ಹಚ್ಚಿಸಿಕೊಂಡು, ಸೇವಂತಿಗೆ ಮುಡಿದು ಮಣೆಯ ಮೇಲಿದ್ದೆ.

“ಭಾವ, ಒಂದ್ಸಲ ಅಳ್ದ್‌ಬುಡಿ,” ಎಂದ ಚೆಲುವರಾಜ. “ಜಾಸ್ತಿ ಹೆರ್ದವ್ನೆ ಅನ್ಸ್ತದೆ.”

“ಪೂಜೆಗಿಟ್ಟಿರೋದ್ನ ಇವತ್ತು ಮುಟ್ಟಂಗಿಲ್ಲ ಕಣೋ. ನನ್ ಕಣ್ಣಳತೆ ಸಾಲ್ದಾ?”

ಬೋರಲಿಂಗ ಪಕ್ಕದ ಗ್ಯಾರೇಜಿನಿಂದ ಪೂಜೆಗೆ ಇಟ್ಟಿರದ ಸ್ಪಾನರುಗಳನ್ನು ಎರವಲು ತಂದ. ಅಲ್ಲಿಗೆ ದೇವರಿಗೂ ಸಮಾಧಾನ, ಕೆಲಸಕ್ಕೂ ದಾರಿ. ನನ್ನಂಥದ್ದು ಮಾತ್ರ ಎರವಲು ಸಿಗಲಿಲ್ಲ. ಹೆಡ್ಡು ಅಳತೆಯಿಲ್ಲದೆಯೇ ಇಂಜಿನ್ನಿನ ಮೇಲೆ ಕೂತಿತು. ನನಗೆ ಬಾಯಿ ಇದ್ದಿದ್ದರೆ ದೇವರೆದುರೇ ಅವನನ್ನು ಬೈಯುತ್ತಿದ್ದೆ.

ಮರುದಿನ ಓಟದ ನಡುವೆ ಪಿಸ್ಟನ್ ತೂತಾಗಿ ಇಂಜಿನ್ ಹಿಡಿದುಕೊಂಡಿತು. ಚಕ್ರ ಗಕ್ಕನೆ ನಿಂತು ಚೆಲುವರಾಜ ಉರುಳಿಬಿದ್ದ. ಹಿಂದೆ ಬಂದ ಗಾಡಿ ಅವನ ಮೊಣಕಾಲ ಮೇಲೆ ಹರಿಯಿತು. ಆ ಕಾಲು ಈಗ ಮಡಚುವುದಿಲ್ಲ.

“ಗ್ರಹಚಾರ,” ಎಂದ ಬೋರಲಿಂಗ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ರೇಸಿಲ್ಲದ ಮೇಲೆ ನನಗೂ ಕೆಲಸವಿಲ್ಲ. ಗೂಡಿನಲ್ಲಿ ಧೂಳು ತಿನ್ನುತ್ತಾ ಮುದಿಯಾಗಿದ್ದೇನೆ. ವರ್ಷಕ್ಕೊಮ್ಮೆ ಮಾತ್ರ ತೊಳೆದು ಮಣೆಗೇರಿಸಿ ಕೈಮುಗಿಯುತ್ತಾರೆ. ಕೈಮುಗಿಯುವುದಕ್ಕೆ ನನ್ನ ಗೆರೆ ಓದಬೇಕಾಗಿಲ್ಲವಲ್ಲ.

ಕಳೆದ ಪೂಜೆಗೆ ಚೆಲುವರಾಜ ಕೋಲೂರಿಕೊಂಡು ಬಂದ. ನನ್ನ ಮೈಮೇಲಿನ ಕುಂಕುಮವನ್ನು ಹೆಬ್ಬೆರಳಿನಿಂದ ಒರೆಸಿ, ಅಡಿಯಲ್ಲಿದ್ದ ಗೆರೆಗಳನ್ನು ಸ್ವಲ್ಪ ಹೊತ್ತು ನೋಡಿದ.

“ಅವತ್ತು ಇಷ್ಟು ಒರೆಸಿದ್ರೆ ಸಾಕಾಗಿತ್ತು ಭಾವ.”

ಬೋರಲಿಂಗ ತಟ್ಟೆಯಿಂದ ಕುಂಕುಮ ತೆಗೆದು ಮತ್ತೆ ಅದೇ ಜಾಗಕ್ಕೆ ಹಚ್ಚಿದ.